ಕ್ಷಣಕ್ಕೆ ಲಕ್ಷ ಲೆಕ್ಕ! ಬ್ಲಾಕ್‌ಚೈನಿನ ವೇಗವನ್ನು ಅಳೆಯುವ ಬಗೆ, ಹೆಚ್ಚಿಸುವ ಬಗೆ

ಕಳೆದ ತಿಂಗಳು ನಮ್ಮ ಕಚೇರಿಯ ಮೇಜಿನ ಮೇಲೆ ಒಂದೇ ದಿನ ಎರಡು ಕಾಗದಗಳು ಬಂದು ಬಿದ್ದುವು. ಒಂದು, ಪೂರ್ಣಪುಟದ ಜಾಹೀರಾತು, ಹಣ ಮುಂಗಡ. ಇನ್ನೊಂದು, ಆ ಜಾಹೀರಾತಿನ ಮಾತುಗಳನ್ನೇ ಬಣ್ಣದಲ್ಲಿ ಅಚ್ಚುಹಾಕಿಸಿದ ಕರಪತ್ರ. ಮೊದಲನೆಯದನ್ನು ತಂದವನು ಟೈ ಕಟ್ಟಿದ ಒಬ್ಬ ತರುಣ ಏಜಂಟ. ಎರಡನೆಯದನ್ನು ತಂದವರು, ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಹದಿನಾಲ್ಕು ವರ್ಷ ನಮ್ಮಲ್ಲಿ ಸಪ್ಲೈಯರ್ ಆಗಿದ್ದ ಹಿರಿಯರು. ಹೊಸದೊಂದು ನಾಣ್ಯ ಹುಟ್ಟಿದೆಯೆಂದೂ, ಅದರ ಬ್ಲಾಕ್‌ಚೈನು ಒಂದು ಸೆಕೆಂಡಿಗೆ ಒಂದು ಲಕ್ಷ ವ್ಯವಹಾರಗಳನ್ನು ನಡೆಸಬಲ್ಲುದೆಂದೂ, ಈಗಲೇ ಹಣ ಹೂಡಿದವರು ಭಾಗ್ಯವಂತರೆಂದೂ ಆ ಎರಡು ಕಾಗದಗಳ ಒಟ್ಟು ತಾತ್ಪರ್ಯ.

“ಧಣಿಗಳೇ, ಇದನ್ನೊಂದು ಓದಿ ಹೇಳಬೇಕು. ಬಿಟ್‌ಕಾಯಿನಿಗೆ ಸೆಕೆಂಡಿಗೆ ಏಳೇ ಅಂತೆ, ಇದಕ್ಕೆ ಒಂದು ಲಕ್ಷವಂತೆ. ಹಾಗಾದರೆ ಇದು ಅದಕ್ಕಿಂತ ದೊಡ್ಡದಾಗಲೇಬೇಕಲ್ಲ?” ಎಂದು ಅವರು ಕೇಳಿದರು. ವಿಚಾರಿಸಿದಾಗ, ನಲವತ್ತು ಸಾವಿರ ರೂಪಾಯಿಯ ಮೊದಲ ಕಂತನ್ನು ಆಗಲೇ ಕೊಟ್ಟು ಆಗಿದೆಯೆಂದು ತಿಳಿಯಿತು. ಉಳಿದ ಎರಡು ಲಕ್ಷ ಬ್ಯಾಂಕಿನಲ್ಲಿತ್ತು. ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿರುವ ಮಗಳ ಎರಡು ವರ್ಷಗಳ ಫೀಸು ಅದು.

“ಸ್ವಲ್ಪ ತಡೆಯಿರಿ ಮಾರಾಯರೇ, ಎಂಟು ದಿನ ಕೊಡಿ” ಎಂದು ಹೇಳಿ ಅವರನ್ನು ಕಳುಹಿಸಿದೆವು. ಏಜಂಟನಿಗೂ ಅದೇ ಮಾತನ್ನು ಹೇಳಿದೆವು. ಪತ್ರಿಕೆಯ ಕಾಗದದ ಬಿಲ್ಲು ಎರಡು ತಿಂಗಳಿನಿಂದ ಬಾಕಿಯಿರುವಾಗ, ಮುಂಗಡ ಹಣದ ಪೂರ್ಣಪುಟವನ್ನು ಎಂಟು ದಿನ ತಡೆಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ಪತ್ರಿಕೆ ನಡೆಸಿದವರೇ ಬಲ್ಲರು.

ಎಸ್‌.ಎಸ್‌.ಎಲ್‌.ಸಿ. ಮುಗಿಸಿ ಮುಂಬಯಿಗೆ ಬಂದ ನಮಗೆ ಗಣಕಶಾಸ್ತ್ರದ ಪಾಂಡಿತ್ಯವಿಲ್ಲ. ಆದರೆ ‘ವೇಗ’ವೆಂಬ ಮಾತು ಎಷ್ಟು ಬಗೆಯಾಗಿ ಮೋಸಗೊಳಿಸಬಲ್ಲುದೆಂಬುದನ್ನು ಗಲ್ಲಾದ ಹಿಂದೆ ಕುಳಿತು ಚೆನ್ನಾಗಿ ಕಲಿತಿದ್ದೇವೆ. ಆ ಎಂಟು ದಿನಗಳಲ್ಲಿ ಓದಿದುದನ್ನೂ ಬಲ್ಲವರಿಂದ ಕೇಳಿ ತಿಳಿದುದನ್ನೂ ನಮ್ಮ ವಾಚಕರ ಮುಂದಿಡುವುದು ಕರ್ತವ್ಯವೆಂದು ತೋರಿತು. ಏಕೆಂದರೆ ಆ ಕರಪತ್ರ ಒಬ್ಬರ ಕೈಗೆ ಮಾತ್ರ ಬಂದುದಲ್ಲ. ಠಾಣೆಯಲ್ಲಿ, ಪುಣೆಯಲ್ಲಿ, ಸಿಕಂದರಾಬಾದಿನಲ್ಲಿ ನಮ್ಮವರು ಸೇರುವ ಕಡೆಗಳಲ್ಲೆಲ್ಲ ಅದು ಹರಿದಾಡಿದೆ.

ಬ್ಲಾಕ್‌ಚೈನೆಂದರೆ ಒಂದು ಕಿರ್ದಿ ಪುಸ್ತಕ. ಹೋಟೆಲಿನ ಕಿರ್ದಿ ಗಲ್ಲಾದ ಪಕ್ಕದಲ್ಲಿ ಒಂದೇ ಇರುತ್ತದೆ, ಬರೆಯುವವನೂ ಒಬ್ಬನೇ. ಬ್ಲಾಕ್‌ಚೈನಿನ ಕಿರ್ದಿಗಾದರೋ ಸಾವಿರಾರು ಪ್ರತಿಗಳು. ದೇಶದೇಶಗಳಲ್ಲಿರುವ, ಪರಸ್ಪರ ಮುಖಪರಿಚಯವೂ ಇಲ್ಲದವರ ಯಂತ್ರಗಳಲ್ಲಿ ಅವು ಒಂದೇ ಸಮನಾಗಿ ಇರತಕ್ಕದ್ದು. ವ್ಯವಹಾರಗಳನ್ನು ಕಟ್ಟುಕಟ್ಟಾಗಿ ಒಂದೊಂದು ಹಾಳೆಗೆ ಏರಿಸುತ್ತಾರೆ. ಈ ಹಾಳೆಗೇ ಬ್ಲಾಕ್ ಎಂದು ಹೆಸರು. ಪ್ರತಿಯೊಂದು ಹಾಳೆಯ ನೆತ್ತಿಯಲ್ಲಿ ಹಿಂದಿನ ಹಾಳೆಯ ಗುರುತಿನ ಮುದ್ರೆಯಿರುವುದರಿಂದ ನಡುವಿನ ಹಾಳೆಯೊಂದನ್ನು ಯಾರೂ ಕದ್ದು ತಿದ್ದುವಂತಿಲ್ಲ. ಯಾರ ಮೇಲೂ ನಂಬಿಕೆಯಿಡಬೇಕಾಗಿಲ್ಲವೆಂಬುದೇ ಇದರ ಹೆಚ್ಚುಗಾರಿಕೆ. ಎಲ್ಲರೂ ಎಲ್ಲವನ್ನೂ ಪರೀಕ್ಷಿಸಿ ಒಪ್ಪಬೇಕಾದುದರಿಂದ ನಿಧಾನವೂ ಅಲ್ಲಿಯೇ ಹುಟ್ಟುತ್ತದೆ.

ಇನ್ನು ವೇಗದ ಮಾತು. ಹೋಟೆಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ; ನಮಗೆ ತಿಳಿದ ಶಾಸ್ತ್ರ ಅದೊಂದೇ. ‘ನಿಮ್ಮ ಹೋಟೆಲು ಎಷ್ಟು ಚುರುಕು?’ ಎಂದು ಯಾರಾದರೂ ಕೇಳಿದರೆ ಮೂರು ಬಗೆಯ ಉತ್ತರ ಕೊಡಬಹುದು. ಗಂಟೆಗೆ ಎಷ್ಟು ತಟ್ಟೆ ದೋಸೆ ಹೊರಬೀಳುತ್ತದೆ ಎನ್ನಬಹುದು. ಒಬ್ಬ ಗಿರಾಕಿ ಕುಳಿತಂದಿನಿಂದ ಅವನ ಮುಂದೆ ದೋಸೆ ಬರುವವರೆಗೆ ಎಷ್ಟು ನಿಮಿಷ ಎನ್ನಬಹುದು. ತಿಂದವನ ಹಣ ಗಲ್ಲಾಕ್ಕೆ ಬಿದ್ದು, ಇನ್ನು ತಕರಾರಿಲ್ಲವೆಂದು ಆಗುವುದಕ್ಕೆ ಎಷ್ಟು ಹೊತ್ತು ಎಂದೂ ಹೇಳಬಹುದು. ಬ್ಲಾಕ್‌ಚೈನನ್ನು ಅಳೆಯುವವರೂ ಈ ಮೂರನ್ನೇ ಅಳೆಯುತ್ತಾರೆ: ಸೆಕೆಂಡಿಗೆ ಎಷ್ಟು ವ್ಯವಹಾರ, ಒಂದು ವ್ಯವಹಾರ ಹಾಳೆಗೇರಲು ಎಷ್ಟು ತಡ, ಅದು ಮತ್ತೆ ಅಳಿಸಿಹೋಗದಂತೆ ಸ್ಥಿರವಾಗಲು ಎಷ್ಟು ಕಾಲ. ಕರಪತ್ರಗಳಲ್ಲಿ ಅಚ್ಚಾಗುವುದು ಮೊದಲನೆಯದು ಮಾತ್ರ.

ಈ ಮೂರು ಒಂದನ್ನೊಂದು ಎಳೆದಾಡುವುದೂ ಉಂಟು. ಇಡ್ಲಿ ಬೇಯಿಸುವ ದೊಡ್ಡ ಪಾತ್ರೆಯನ್ನು ಪೂರ್ತಿ ತುಂಬಿಸಿಯೇ ಒಲೆಗೇರಿಸುತ್ತೇನೆಂದು ಭಟ್ಟರು ಹಟ ಹಿಡಿದರೆ ದಿನದ ಕೊನೆಗೆ ಇಡ್ಲಿಯ ಲೆಕ್ಕ ದೊಡ್ಡದಾಗಿಯೇ ಇರುತ್ತದೆ. ಆದರೆ ಬೆಳಗ್ಗೆ ಮೊದಲು ಬಂದ ಗಿರಾಕಿ ಖಾಲಿ ತಟ್ಟೆಯ ಮುಂದೆ ಕುಳಿತಿರುತ್ತಾನೆ. ದೊಡ್ಡ ಹಾಳೆಗೂ ಇದೇ ಗತಿ.

ಕರಪತ್ರ ಹೀಯಾಳಿಸಿದ ಬಿಟ್‌ಕಾಯಿನಿನ ಆ ‘ಏಳು’ ಎಲ್ಲಿಂದ ಬಂತು? ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬರೆದ ಅಜ್ಞಾತ ವ್ಯಕ್ತಿ 2009ರ ಜನವರಿ 3ರಂದು ಇದರ ಮೊದಲ ಹಾಳೆಯನ್ನು ತೆರೆದ. ಹತ್ತು ನಿಮಿಷಕ್ಕೆ ಸರಾಸರಿ ಒಂದು ಹಾಳೆಯೆಂಬುದು ಅದರ ಕಟ್ಟಳೆ. ಹಾಳೆಯ ಗಾತ್ರ ಹತ್ತು ಲಕ್ಷ ಬೈಟುಗಳನ್ನು ಮೀರಕೂಡದೆಂಬ ನಿಯಮ 2010ರಲ್ಲಿ ಸೇರಿತು. ಒಂದು ಸಾಮಾನ್ಯ ವ್ಯವಹಾರಕ್ಕೆ ಸುಮಾರು 250 ಬೈಟುಗಳೆಂದು ಹಿಡಿದರೆ ಹಾಳೆಗೆ 4,000 ವ್ಯವಹಾರ. ಅದನ್ನು 600 ಸೆಕೆಂಡುಗಳಿಗೆ ಹಂಚಿದರೆ ಏಳು ಕೂಡ ತುಂಬುವುದಿಲ್ಲ. ಯಂತ್ರಗಳನ್ನು ಹೆಚ್ಚಿಸಿದರೂ ಹಾಳೆಗಳು ಬೇಗ ಬೇಗ ಬರುವುದಿಲ್ಲ. ಪ್ರತಿ 2,016 ಹಾಳೆಗಳಿಗೊಮ್ಮೆ, ಎಂದರೆ ಸುಮಾರು ಎರಡು ವಾರಗಳಿಗೊಮ್ಮೆ, ಲೆಕ್ಕದ ಕಷ್ಟವನ್ನು ಏರಿಸಿಯೋ ಇಳಿಸಿಯೋ ಅದು ಮತ್ತೆ ಹತ್ತು ನಿಮಿಷಕ್ಕೇ ಬಂದು ನಿಲ್ಲುತ್ತದೆ. ದೊಡ್ಡ ಮೊತ್ತ ಪಡೆಯುವವರು ಆರು ಹಾಳೆಗಳಾಗುವವರೆಗೆ ಕಾಯುವ ವಾಡಿಕೆಯಿರುವುದರಿಂದ ಒಂದು ಗಂಟೆಯೇ ಹಿಡಿಯುತ್ತದೆ.

ಹಾಳೆಯನ್ನು ದೊಡ್ಡದು ಮಾಡಿದರಾಯಿತಲ್ಲ ಎಂದು ನಮಗೂ ಮೊದಲು ಅನಿಸಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಕ್ರಿಶ್ಚಿಯನ್ ಡೆಕರ್ ಮತ್ತು ರೋಜರ್ ವಾಟನ್‌ಹೋಫರ್ ಎಂಬಿಬ್ಬರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಳತೆಯಲ್ಲಿ. ಹೊಸ ಹಾಳೆಯೊಂದು ಹುಟ್ಟಿದ ಮೇಲೆ ಅದರ ಸುದ್ದಿ ಜಾಲದ ಯಂತ್ರಗಳಿಗೆ ಮುಟ್ಟಲು ಎಷ್ಟು ಹೊತ್ತು ಬೇಕೆಂದು ಅವರು ಗಡಿಯಾರ ಹಿಡಿದು ನೋಡಿದರು. ಅರ್ಧದಷ್ಟು ಯಂತ್ರಗಳಿಗೆ 6.5 ಸೆಕೆಂಡುಗಳಲ್ಲಿ ಮುಟ್ಟಿತು; ಸರಾಸರಿ 12.6 ಸೆಕೆಂಡು, ನಲವತ್ತು ಸೆಕೆಂಡು ಕಳೆದರೂ ನೂರಕ್ಕೆ ಐದು ಯಂತ್ರಗಳಿಗೆ ಸುದ್ದಿಯೇ ತಲುಪಿರಲಿಲ್ಲ. ಹಾಳೆಯ ಗಾತ್ರ 20 ಕಿಲೋಬೈಟನ್ನು ಮೀರಿದ ಮೇಲೆ, ಪ್ರತಿಯೊಂದು ಕಿಲೋಬೈಟಿಗೂ ಸೆಕೆಂಡಿನ ಸಾವಿರದ ಎಂಬತ್ತು ಪಾಲಿನಷ್ಟು ತಡ ಕೂಡುತ್ತ ಹೋಗುತ್ತದೆಂಬುದೂ ಗೊತ್ತಾಯಿತು.

ತಡವಾದರೇನಂತೆ ಎಂದು ಕೇಳುವಂತಿಲ್ಲ. ಒಂದು ಹಾಳೆಯ ಸುದ್ದಿ ಮುಟ್ಟುವ ಮುನ್ನವೇ ಇನ್ನೊಬ್ಬನು ತನ್ನದೊಂದು ಹಾಳೆಯನ್ನು ಹೊರಡಿಸಿದರೆ ಕಿರ್ದಿ ಎರಡು ಕವಲಾಗುತ್ತದೆ. ಕೊನೆಗೆ ಒಂದನ್ನು ಹರಿದೆಸೆಯಬೇಕು. ಅಲ್ಲದೆ ಹಾಳೆ ಹಿಗ್ಗಿದಷ್ಟೂ ಅದನ್ನು ಇಟ್ಟುಕೊಳ್ಳಬಲ್ಲ, ಪರೀಕ್ಷಿಸಬಲ್ಲ ಯಂತ್ರಗಳು ದುಬಾರಿಯಾಗಿ, ಸಾಮಾನ್ಯರು ಒಬ್ಬೊಬ್ಬರೇ ಹಿಂದೆ ಸರಿಯುತ್ತಾರೆ. ಉಳಿಯುವವರು ನಾಲ್ಕು ಮಂದಿ ಶ್ರೀಮಂತರು. ಈ ಹಾಳೆಯ ಗಾತ್ರದ ಜಗಳ ವರ್ಷಗಟ್ಟಲೆ ನಡೆದು, 2017ರ ಆಗಸ್ಟ್ 1ರಂದು ಒಂದು ಪಂಗಡ ಎಂಟು ಪಟ್ಟು ದೊಡ್ಡ ಹಾಳೆಯೊಂದಿಗೆ ಬಿಟ್‌ಕಾಯಿನ್ ಕ್ಯಾಶ್ ಎಂಬ ಹೆಸರಿನಲ್ಲಿ ಬೇರೆ ಒಲೆ ಹೂಡಿತು. ಮೂಲದವರು ಅದೇ ತಿಂಗಳು ಸಹಿಗಳ ಭಾಗವನ್ನು ಬೇರೆ ಮಾಡಿ ಲೆಕ್ಕಹಿಡಿಯುವ ಉಪಾಯದಿಂದ ಹಾಳೆಯಲ್ಲಿ ಕೊಂಚ ಸ್ಥಳ ಮಾಡಿಕೊಂಡರು. ಅಣ್ಣತಮ್ಮಂದಿರು ಹೋಟೆಲು ಪಾಲುಮಾಡಿಕೊಂಡುದನ್ನು ಕಂಡವರಿಗೆ ಈ ಕಥೆ ಹೊಸದಲ್ಲ.

ಇದಕ್ಕಿಂತ ಜಾಣತನದ ಸುಧಾರಣೆ ಮ್ಯಾಟ್ ಕೊರಾಲೊ ಎಂಬಾತನು 2016ರಲ್ಲಿ ಸೂಚಿಸಿದುದು. ಹಾಳೆಯಲ್ಲಿರುವ ವ್ಯವಹಾರಗಳಲ್ಲಿ ಬಹುಪಾಲು ಆಗಲೇ ಒಂದೊಂದಾಗಿ ಎಲ್ಲ ಯಂತ್ರಗಳಿಗೂ ಬಂದು ಮುಟ್ಟಿರುತ್ತವೆ. ಅವನ್ನೇ ಮತ್ತೆ ಪೂರ್ತಿಯಾಗಿ ಕಳುಹಿಸುವುದೇಕೆ? ಒಂದೊಂದಕ್ಕೂ ಒಂದು ಚಿಕ್ಕ ಗುರುತನ್ನು ಕಳುಹಿಸಿದರೆ ಸಾಕು. ಯಾವುದು ಇಲ್ಲವೋ ಅದನ್ನು ಮಾತ್ರ ಕೇಳಿ ಪಡೆಯಲಿ. ನಮ್ಮ ಸಪ್ಲೈಯರು ಅಡಿಗೆಮನೆಯ ಕಿಂಡಿಯಲ್ಲಿ ‘ಎರಡು ಮಸಾಲೆ, ಒಂದು ಸಾದಾ, ಮೂರಕ್ಕೆ’ ಎಂದಿಷ್ಟೇ ಕೂಗುತ್ತಾನಲ್ಲದೆ, ಮಸಾಲೆದೋಸೆಗೆ ಏನೇನು ಹಾಕಬೇಕೆಂದು ಭಟ್ಟರಿಗೆ ಪ್ರತಿಸಲವೂ ವಿವರಿಸುತ್ತಾನೆಯೆ?

ಇನ್ನೊಂದು ದಾರಿ ನಮ್ಮ ಹೋಟೆಲುಗಳ ತಿಂಗಳ ಲೆಕ್ಕವನ್ನು ಹೋಲುವುದು. ಜೋಸೆಫ್ ಪೂನ್ ಮತ್ತು ಥ್ಯಾಡಿಯಸ್ ಡ್ರೈಜಾ ಎಂಬವರು ಯೋಜಿಸಿದ, 2018ರಿಂದ ಬಳಕೆಗೆ ಬಂದ ‘ಲೈಟ್ನಿಂಗ್’ ಜಾಲದಲ್ಲಿ ಇಬ್ಬರು ಮೊದಲಿಗೆ ಒಂದು ಮೊತ್ತವನ್ನು ಠೇವಣಿಯಾಗಿ ಕಿರ್ದಿಯಲ್ಲಿ ಬರೆಯಿಸುತ್ತಾರೆ. ಆಮೇಲಿನ ಕೊಡುಕೊಳ್ಳುವಿಕೆಯೆಲ್ಲ ಅವರಿಬ್ಬರ ನಡುವೆಯೇ, ಇಬ್ಬರ ಸಹಿಯೊಂದಿಗೆ, ಕಣ್ಣೆವೆಯಿಕ್ಕುವಷ್ಟರಲ್ಲಿ ನಡೆಯುತ್ತದೆ. ಕೊನೆಯ ಬಾಕಿಯೊಂದು ಮಾತ್ರ ಮತ್ತೆ ಕಿರ್ದಿಗೆ ಹೋಗುತ್ತದೆ. ಸಾವಿರ ಚಹಾ ಕುಡಿದರೂ ಕಿರ್ದಿಯಲ್ಲಿ ಎರಡೇ ಸಾಲು.

ಇಥೀರಿಯಮ್ ಎಂಬ ಎರಡನೆಯ ದೊಡ್ಡ ಕಿರ್ದಿ 2015ರ ಜುಲೈ 30ರಂದು ಆರಂಭವಾಯಿತು. ಇದರಲ್ಲಿ ಬರಿಯ ಹಣದ ವರ್ಗಾವಣೆಯಲ್ಲದೆ ಕರಾರುಗಳನ್ನೂ ಆಟಗಳನ್ನೂ ನಡೆಸಬಹುದು. ಆದುದರಿಂದ ಇಲ್ಲಿ ವ್ಯವಹಾರಗಳನ್ನು ತಲೆಯೆಣಿಸಿ ಅಳೆದರೆ ತಪ್ಪಾಗುತ್ತದೆ. ಒಬ್ಬನು ಕಾಫಿ ಕೇಳಿದ, ಇನ್ನೊಬ್ಬನು ಊಟ ಕೇಳಿದ. ಇಬ್ಬರೂ ಗಿರಾಕಿಗಳೇ, ಆದರೆ ಒಲೆಗೆ ಬೀಳುವ ಹೊರೆ ಒಂದೆಯೆ? ಅದಕ್ಕಾಗಿ ‘ಗ್ಯಾಸ್’ ಎಂಬ ಮಾನವನ್ನು ಇಟ್ಟುಕೊಂಡಿದ್ದಾರೆ. ಸರಳ ವರ್ಗಾವಣೆಯೊಂದಕ್ಕೆ 21,000 ಗ್ಯಾಸ್. ಒಂದು ನಾಣ್ಯವನ್ನು ಇನ್ನೊಂದಕ್ಕೆ ಬದಲಾಯಿಸುವ ಕರಾರಿಗೆ ಲಕ್ಷಕ್ಕೂ ಮೀರಬಹುದು. 2021ರಿಂದ 2025ರ ಆರಂಭದವರೆಗೆ ಒಂದು ಹಾಳೆಗೆ ಮೂರು ಕೋಟಿ ಗ್ಯಾಸಿನ ಮಿತಿಯಿತ್ತು. 2025ರಲ್ಲಿ ಅದನ್ನು ಹಂತಹಂತವಾಗಿ ಆರು ಕೋಟಿಗೆ ಏರಿಸಿದರು. 2022ರ ಸೆಪ್ಟೆಂಬರ್ 15ರ ದೊಡ್ಡ ಪರಿವರ್ತನೆಯ ಮೇಲೆ ಹನ್ನೆರಡು ಸೆಕೆಂಡುಗಳಿಗೊಂದು ಹಾಳೆ. ಮೂರು ಕೋಟಿಯ ಮಿತಿಯಲ್ಲಿ, ಬರಿಯ ಸರಳ ವರ್ಗಾವಣೆಗಳೇ ಬಂದಿದ್ದರೆ ಹಾಳೆಗೆ 1,428, ಎಂದರೆ ಸೆಕೆಂಡಿಗೆ 119 ವ್ಯವಹಾರವೆಂದು ಯಾರಾದರೂ ಡಂಗುರ ಹೊಡೆಯಬಹುದಾಗಿತ್ತು. ನಿಜವಾಗಿ ನಡೆಯುತ್ತಿದ್ದುದು ಹನ್ನೆರಡು, ಹದಿನೈದು. ಎರಡು ಲೆಕ್ಕಗಳೂ ಸುಳ್ಳಲ್ಲ. ಕೇಳಿದ ಪ್ರಶ್ನೆ ಬೇರೆ.

ಈ ಜಾಲ 2017ರ ಡಿಸೆಂಬರಿನಲ್ಲಿ ಚಿತ್ರದ ಬೆಕ್ಕುಮರಿಗಳನ್ನು ಕೊಂಡು ಮಾರುವ ‘ಕ್ರಿಪ್ಟೋಕಿಟೀಸ್’ ಎಂಬ ಆಟವೊಂದರಿಂದ ಕಟ್ಟಿಕೊಂಡು ನಿಂತಿತ್ತೆಂದರೆ ವಾಚಕರು ನಗಬಹುದು. ಜಗತ್ತಿನ ಹೊಸ ಬ್ಯಾಂಕೆಂದು ಹೊಗಳಿಸಿಕೊಂಡುದು ಬೆಕ್ಕಿನ ಮರಿಗಳ ಮುಂದೆ ಕೈಸೋತಿತು! ಅಂದಿನಿಂದ ಅಲ್ಲಿಯ ತಜ್ಞರು ಹಿಡಿದಿರುವ ದಾರಿಯೆಂದರೆ, ದೊಡ್ಡ ಕಿರ್ದಿಯ ಪಕ್ಕದಲ್ಲಿ ಚಿಕ್ಕ ಕಿರ್ದಿಗಳನ್ನಿಟ್ಟು, ಸಾವಿರಾರು ವ್ಯವಹಾರಗಳನ್ನು ಅಲ್ಲಿ ತೀರಿಸಿ, ಅವುಗಳ ಅಡಕವಾದ ಸಾರವನ್ನು ಮಾತ್ರ ದೊಡ್ಡದಕ್ಕೆ ಒಪ್ಪಿಸುವುದು. 2024ರ ಮಾರ್ಚ್ 13ರಂದು ಆ ಸಾರಕ್ಕೆಂದೇ ಅಗ್ಗದ ಪ್ರತ್ಯೇಕ ಸ್ಥಳವನ್ನು ತೆರೆದರು. ಪರೀಕ್ಷಿಸಲು ಬೇಕಾದಷ್ಟು ಕಾಲ, ಸುಮಾರು 18 ದಿನ, ಅದನ್ನು ಇಟ್ಟು ಬಳಿಕ ತೆಗೆದುಹಾಕಬಹುದು. ಗಲ್ಲಾದ ಪಕ್ಕದ ಮೊಳೆಗೆ ಚುಚ್ಚಿದ ಚೀಟಿಗಳನ್ನು ಲೆಕ್ಕ ಮುಗಿಯುವವರೆಗೆ ಇಟ್ಟು ಆಮೇಲೆ ಒಲೆಗೆ ಹಾಕುತ್ತೇವಲ್ಲ, ಹಾಗೆ. ಇದರಿಂದ ಚಿಕ್ಕ ಕಿರ್ದಿಗಳಲ್ಲಿ ಒಂದು ವ್ಯವಹಾರದ ಖರ್ಚು ಬಹಳ ಇಳಿಯಿತು.

ಇಥೀರಿಯಮ್ಮಿನ ಹೊರೆಯನ್ನು ಹಗುರಗೊಳಿಸುವುದಕ್ಕೆಂದೇ ಹುಟ್ಟಿದ ‘ಮ್ಯಾಟಿಕ್’, ಈಗಿನ ‘ಪಾಲಿಗಾನ್’, ಭಾರತೀಯರ ಕೂಸೆಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಜಯಂತಿ ಕನಾನಿ, ಸಂದೀಪ್ ನೈಲ್ವಾಲ್, ಅನುರಾಗ್ ಅರ್ಜುನ್ ಎಂಬ ತರುಣರು 2017ರಲ್ಲಿ ಅದನ್ನು ಆರಂಭಿಸಿದರು. ಹೊಸ ಕೆಲಸವನ್ನು ನಿಜವಾದ ಹಣವಿಲ್ಲದೆ ಪರೀಕ್ಷಿಸಿ ನೋಡಲು ಅವರು ಇಟ್ಟಿದ್ದ ಜಾಲಕ್ಕೆ ‘ಮುಂಬಯಿ’ ಎಂದೇ ಹೆಸರು. 2024ರಲ್ಲಿ ಅದನ್ನು ಮುಚ್ಚಿ ಬೇರೆ ಹೆಸರಿನದನ್ನು ತೆರೆದರು. ನೂಕುನುಗ್ಗಲನ್ನು ತಡೆದುಕೊಳ್ಳಬಲ್ಲುದೇ ಎಂದು ನೋಡುವ ಜಾಲಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲವೆಂದು ಸಂಜೆ ಆರು ಗಂಟೆಗೆ ದಾದರಿನಲ್ಲಿ ನಿಂತವರು ಯಾರೂ ಒಪ್ಪಿಯಾರು.

ಎಣಿಕೆಯ ಚಮತ್ಕಾರವನ್ನು ತಿಳಿಯಬೇಕಾದರೆ ಸೊಲಾನ ಎಂಬ ಜಾಲವನ್ನು ನೋಡಬೇಕು. ಅನಾಟೊಲಿ ಯಾಕೊವೆಂಕೊ ಎಂಬಾತನ ಕಲ್ಪನೆಯಿಂದ ಹುಟ್ಟಿ 2020ರ ಮಾರ್ಚಿಯಲ್ಲಿ ಆರಂಭವಾದ ಇದು ನಿಜಕ್ಕೂ ಚುರುಕಾದ ಜಾಲ. ಹಾಳೆಯೊಂದಕ್ಕೆ ಅರ್ಧ ಸೆಕೆಂಡೂ ಹಿಡಿಯದು. ಆದರೆ ಅದರ ಬಗ್ಗೆ ಪ್ರಚಾರವಾಗುವ ಸಂಖ್ಯೆಗಳಲ್ಲಿ, ಯಂತ್ರಗಳು ‘ಈ ಹಾಳೆ ಸರಿ’ ಎಂದು ಪರಸ್ಪರ ಹಾಕಿಕೊಳ್ಳುವ ಮತಗಳನ್ನೂ ವ್ಯವಹಾರಗಳೆಂದೇ ಎಣಿಸಿರುವುದುಂಟು. ಒಟ್ಟಿನಲ್ಲಿ ಬಹುಪಾಲು ಅಂಥ ಮತಗಳೇ. ಸಪ್ಲೈಯರು ಕೂಗಿದ್ದನ್ನೂ ಭಟ್ಟರು ‘ಆಯಿತು’ ಎಂದದ್ದನ್ನೂ ಸೇರಿಸಿ ಇಷ್ಟು ಗಿರಾಕಿಗಳೆಂದು ಬೋರ್ಡು ಹಾಕಿದಂತೆ. 2021ರ ಸೆಪ್ಟೆಂಬರ್ 14ರಂದು ಹೊಸ ನಾಣ್ಯವೊಂದರ ಮಾರಾಟದ ವೇಳೆ ಸ್ವಯಂಚಾಲಿತ ಯಂತ್ರಗಳು ಸೆಕೆಂಡಿಗೆ ನಾಲ್ಕು ಲಕ್ಷದವರೆಗೆ ಬೇಡಿಕೆಗಳನ್ನು ಎಸೆದಾಗ ಆ ಜಾಲ ಸುಮಾರು ಹದಿನೇಳು ಗಂಟೆ ನಿಂತೇ ಹೋಯಿತು. ಆ ಬಳಿಕ ನುಗ್ಗುವವರನ್ನು ಬಾಗಿಲಲ್ಲೇ ತಡೆದು ಸರದಿಯಲ್ಲಿ ಬಿಡುವ ಏರ್ಪಾಡುಗಳಾದುವು. 2025ರ ಸೆಪ್ಟೆಂಬರಿನಲ್ಲಿ, ಆ ಮತಗಳನ್ನು ಕಿರ್ದಿಯಿಂದಲೇ ಹೊರಗಿಟ್ಟು, ಸುಮಾರು 13 ಸೆಕೆಂಡುಗಳ ಸ್ಥಿರತೆಯ ಕಾಲವನ್ನು ಒಂದು ಸೆಕೆಂಡಿನ ಒಳಗೆ ತರುವ ‘ಅಲ್ಪೆನ್‌ಗ್ಲೋ’ ಎಂಬ ಯೋಜನೆಗೆ ಅಲ್ಲಿಯವರು ಒಪ್ಪಿಗೆಯಿತ್ತರು. ಇಥೀರಿಯಮ್ಮಿನಲ್ಲಿ ಈ ಸ್ಥಿರತೆಗೆ ಸುಮಾರು 13 ನಿಮಿಷ ಬೇಕೆಂಬುದನ್ನೂ ಇದರೊಡನೆ ಇಟ್ಟು ನೋಡಬೇಕು.

ಆದರೆ ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸಿದುದು ನಮ್ಮ ದೇಶದಲ್ಲೇ ನಡೆದ ಒಂದು ಕೆಲಸ. ಬ್ಯಾಂಕುಗಳು, ಹಡಗು ಕಂಪೆನಿಗಳು ಮುಂತಾಗಿ ಪರಸ್ಪರ ಗುರುತಿರುವವರು ಮಾತ್ರ ಸೇರಿ ನಡೆಸುವ ಬ್ಲಾಕ್‌ಚೈನುಗಳಿಗಾಗಿ ‘ಹೈಪರ್‌ಲೆಡ್ಜರ್ ಫ್ಯಾಬ್ರಿಕ್’ ಎಂಬ ಏರ್ಪಾಡಿದೆ. ಅದರ ಹಳೆಯ ರೂಪವೊಂದನ್ನು ಸಿಂಗಾಪುರದ ವಿದ್ವಾಂಸರು 2017ರಲ್ಲಿ ‘ಬ್ಲಾಕ್‌ಬೆಂಚ್’ ಎಂಬ ತಮ್ಮ ಅಳತೆಗೋಲಿನಿಂದ ಪರೀಕ್ಷಿಸಿದಾಗ, ಯಂತ್ರಗಳ ಸಂಖ್ಯೆ ಹದಿನಾರನ್ನು ದಾಟಿದರೆ ಅದು ತಾಳಲಾರದೆಂದು ಕಂಡಿತ್ತು. ಮಾರನೆಯ ವರ್ಷ, 2018ರಲ್ಲಿ, ಪಾರ್ಥ್ ಠಕ್ಕರ್, ಸೆಂಥಿಲ್ ನಾಥನ್, ಬಾಲಾಜಿ ವಿಶ್ವನಾಥನ್ ಎಂಬ ಮೂವರು, ಐ.ಬಿ.ಎಂ. ಸಂಸ್ಥೆಯ ಭಾರತೀಯ ಸಂಶೋಧನಾಲಯದ ಆಶ್ರಯದಲ್ಲಿ, ಅದರ ಹೊಸ ರೂಪವನ್ನು ಹಿಡಿದು ಅಳೆದರು. ಬೇಡಿಕೆಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋದರು. ಸೆಕೆಂಡಿಗೆ ಸುಮಾರು 140 ವ್ಯವಹಾರಗಳವರೆಗೆ ಎಲ್ಲವೂ ಸರಾಗ. ಆ ಗೆರೆ ದಾಟಿದೊಡನೆ ಕೆಲಸ ಹೆಚ್ಚಾಗಲಿಲ್ಲ, ಸರದಿ ಮಾತ್ರ ಬೆಳೆಯಿತು. ಸೆಕೆಂಡಿನ ಒಂದಂಶದಲ್ಲಿ ಮುಗಿಯುತ್ತಿದ್ದುದಕ್ಕೆ ಹತ್ತಾರು ಸೆಕೆಂಡು ಹಿಡಿಯತೊಡಗಿತು. ಭಾನುವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಯಾವ ಹೋಟೆಲಿನಲ್ಲೂ ಇದನ್ನು ಕಣ್ಣಾರೆ ಕಾಣಬಹುದು.

ಅನಂತರ ಅವರು ಮಾಡಿದ ಕೆಲಸವೇ ಮೆಚ್ಚತಕ್ಕದ್ದು. ‘ದೊಡ್ಡ ಯಂತ್ರ ತನ್ನಿ’ ಎನ್ನಲಿಲ್ಲ. ಸರದಿ ಎಲ್ಲಿ ನಿಲ್ಲುತ್ತಿದೆಯೆಂದು ಹುಡುಕಿದರು. ಮೂರು ಕಡೆ ಸಿಕ್ಕಿತು. ವ್ಯವಹಾರಕ್ಕೆ ಸಹಿಹಾಕಿದ ಸದಸ್ಯನ ಗುರುತಿನ ಪತ್ರವನ್ನು ಯಂತ್ರ ಪ್ರತಿಯೊಂದು ಸಲವೂ ಮೊದಲಿನಿಂದ ಬಿಚ್ಚಿ ಓದಿ ಪರೀಕ್ಷಿಸುತ್ತಿತ್ತು; ಒಮ್ಮೆ ನೋಡಿದುದನ್ನು ನೆನಪಿನಲ್ಲಿಡುವಂತೆ ಮಾಡಿದರು, ಮೂರು ಪಟ್ಟು ಲಾಭವಾಯಿತು. ದಿನಾಲೂ ಬರುವ ಗಿರಾಕಿಯನ್ನು ‘ತಾವು ಯಾರು?’ ಎಂದು ನಿತ್ಯವೂ ಕೇಳುವ ಗಲ್ಲಾದವನನ್ನು ಯಾವ ಧಣಿ ಇಟ್ಟುಕೊಂಡಾನು? ಇನ್ನು, ಹಾಳೆಯೊಂದರ ವ್ಯವಹಾರಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸುತ್ತಿದ್ದಾಗ ಯಂತ್ರದೊಳಗಿನ ಉಳಿದ ಕೈಗಳೆಲ್ಲ ಸುಮ್ಮನಿದ್ದುವು. ಎಲ್ಲ ಕೈಗಳಿಗೂ ಏಕಕಾಲದಲ್ಲಿ ಕೆಲಸ ಹಂಚಿದಾಗ ಏಳು ಪಟ್ಟು. ಕಾವಲಿಯ ಮುಂದೆ ಒಬ್ಬನೇ ಬೆವರುತ್ತಿರುವಾಗ ನಾಲ್ಕು ಮಂದಿ ಕೈಕಟ್ಟಿ ನಿಂತಿರುವ ಅಡಿಗೆಮನೆಯನ್ನು ನಾವು ಕಂಡಿದ್ದೇವೆ. ಒಂದು ಕಾಲಕ್ಕೆ ಅದು ನಮ್ಮದೇ ಆಗಿತ್ತು. ಮೂರನೆಯದು ಉಗ್ರಾಣದ ತೊಂದರೆ: ಖಾತೆಯ ಒಂದೊಂದು ವಿವರಕ್ಕೂ ಯಂತ್ರ ಬೇರೆಬೇರೆಯಾಗಿ ದಾಸ್ತಾನಿನ ಕಡೆಗೆ ಓಡುತ್ತಿತ್ತು. ಬೇಕಾದುದನ್ನೆಲ್ಲ ಒಂದೇ ಸಲಕ್ಕೆ ತಂದು, ಒಂದೇ ಸಲಕ್ಕೆ ಇಡುವಂತೆ ಮಾಡಿದಾಗ ಎರಡೂವರೆ ಪಟ್ಟು. ಬೇರೆಬೇರೆಯಾಗಿ ಅಳೆದ ಈ ಲಾಭಗಳನ್ನು ಗುಣಿಸುವಂತಿಲ್ಲ; ಒಂದು ಇಕ್ಕಟ್ಟು ಬಿಟ್ಟೊಡನೆ ಮುಂದಿನ ಇಕ್ಕಟ್ಟು ಎದುರಾಗುತ್ತದೆ. ಎಲ್ಲವನ್ನೂ ಕೂಡಿಸಿದಾಗ 140 ಇದ್ದುದು 2,250 ಆಯಿತು, ಹದಿನಾರು ಪಟ್ಟು. ಈ ಬದಲಾವಣೆಗಳನ್ನು ಫ್ಯಾಬ್ರಿಕ್ಕಿನ ಮುಂದಿನ ಆವೃತ್ತಿಯಲ್ಲೇ ಸೇರಿಸಿಕೊಂಡರು. 2019ರಲ್ಲಿ ಕೆನಡದ ವಾಟರ್ಲೂ ವಿಶ್ವವಿದ್ಯಾಲಯದವರು ಇದೇ ಜಾಡಿನಲ್ಲಿ ಮುಂದುವರಿದು 3,000ದಿಂದ 20,000ಕ್ಕೆ ಏರಿಸಿ ತೋರಿಸಿದರು.

ಅವರ ಬರಹಗಳಲ್ಲಿ ಎಷ್ಟು ಯಂತ್ರ, ಎಂಥ ಯಂತ್ರ, ಹಾಳೆಯ ಗಾತ್ರವೆಷ್ಟು, ಬೇಡಿಕೆ ಎಷ್ಟಿದ್ದಾಗ ತಡವೆಷ್ಟು ಎಂಬುದೆಲ್ಲ ನಮೂದಾಗಿದೆ. ಸಂಖ್ಯೆಯೊಂದನ್ನು ಹೇಳುವಾಗ ಇಷ್ಟನ್ನಾದರೂ ಹೇಳಬೇಕೆಂದು, ಹೈಪರ್‌ಲೆಡ್ಜರ್ ಸಂಘದ ಸಮಿತಿಯೊಂದು 2018ರಲ್ಲಿ ಅಳತೆಯ ಪರಿಭಾಷೆಗಳನ್ನು ನಿರ್ಣಯಿಸಿ ಪ್ರಕಟಿಸಿಯೂ ಇದೆ. ನಮ್ಮ ಕೈಗೆ ಬಂದ ಕರಪತ್ರದಲ್ಲಿ ಇದ್ದುದು ಒಂದು ಲಕ್ಷವೆಂಬ ಅಂಕಿ, ಹಾರುವ ರಾಕೆಟ್ಟಿನ ಚಿತ್ರ.

ಎಂಟನೆಯ ದಿನ ಏಜಂಟನು ಬಂದ. ಚಹಾ ತರಿಸಿ ಕುಳ್ಳಿರಿಸಿ, ನಿಮ್ಮ ಈ ಲಕ್ಷದ ಲೆಕ್ಕವನ್ನು ಎಷ್ಟು ಯಂತ್ರಗಳ ಮೇಲೆ ತೆಗೆದಿರಿ ಎಂದು ಕೇಳಿದೆವು. “ನಾಲ್ಕು, ಸಾರ್” ಎಂದ. ಎಲ್ಲಿವೆ? “ನಮ್ಮ ಲ್ಯಾಬಿನಲ್ಲಿ.” ನಾಲ್ಕೂ ಒಂದೇ ಕೋಣೆಯಲ್ಲಿಯೆ? ಹೌದಂತೆ. ಒಡೆಯರು? ಕಂಪೆನಿಯೇ. ಜ್ಯೂರಿಕ್ಕಿನವರು ಅಳೆದ ಆ ನಲವತ್ತು ಸೆಕೆಂಡುಗಳ ದೂರ ಇಲ್ಲಿ ನಾಲ್ಕು ಅಡಿಯ ತಂತಿಯಾಗಿತ್ತು! ವ್ಯವಹಾರ ಸ್ಥಿರವಾಗಲು ಎಷ್ಟು ಹೊತ್ತೆಂಬ ಪ್ರಶ್ನೆ ಆತನಿಗೆ ತಿಳಿಯಲಿಲ್ಲ. ಬೇಡಿಕೆ ಮಿತಿಮೀರಿದಾಗ ಏನಾಯಿತೆಂದು ಕೇಳಿದುದಕ್ಕೆ, ಹಾಗೆ ಯಾರೂ ಮಾಡಿ ನೋಡಿಲ್ಲವೆಂದ. ತರುಣನು ಸುಳ್ಳುಗಾರನಲ್ಲ. ಕೊಟ್ಟ ಸರಕನ್ನು ಮಾರುವವನು, ಅಷ್ಟೆ.

ಒಬ್ಬನೇ ಒಡೆಯನ ನಾಲ್ಕು ಯಂತ್ರಗಳಲ್ಲಿ ಕಿರ್ದಿಯಿಡುವುದಾದರೆ ಬ್ಲಾಕ್‌ಚೈನಿನ ಹಂಗಾದರೂ ಏಕೆ? ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ಕಚೇರಿಯಿರುವ ಪಾವತಿ ನಿಗಮದ ಯು.ಪಿ.ಐ. ವ್ಯವಸ್ಥೆ 2025ರ ಆಗಸ್ಟ್ ಒಂದೇ ತಿಂಗಳಿನಲ್ಲಿ 2,000 ಕೋಟಿ ವ್ಯವಹಾರಗಳನ್ನು ನಡೆಸಿತು. ಹಂಚಿ ನೋಡಿದರೆ ಸೆಕೆಂಡಿಗೆ ಸರಾಸರಿ 7,400ಕ್ಕೂ ಹೆಚ್ಚು. ಅದು ಬ್ಲಾಕ್‌ಚೈನಲ್ಲ; ಬ್ಯಾಂಕುಗಳನ್ನೂ ನಿಗಮವನ್ನೂ ನಂಬಿ ನಡೆಯುವ ಏರ್ಪಾಡು, ಆದುದರಿಂದಲೇ ಅಷ್ಟು ಚುರುಕು. ಪಾನ್ ಅಂಗಡಿಯಿಂದ ಹಿಡಿದು ಇಡೀ ದೇಶಕ್ಕೆ ಸೆಕೆಂಡಿಗೆ 7,400 ಸಾಕಾಗಿರುವಾಗ, ಇನ್ನೂ ಒಬ್ಬ ಗಿರಾಕಿಯಿಲ್ಲದ ನಾಣ್ಯಕ್ಕೆ ಒಂದು ಲಕ್ಷ ಏಕೆ ಬೇಕೆಂದು ಏಜಂಟನನ್ನು ನಾವು ಕೇಳಲಿಲ್ಲ. ಆಗಲೇ ಅವನ ಚಹಾ ಆರಿಹೋಗಿತ್ತು.

ಸಪ್ಲೈಯರ್ ಹಿರಿಯರು ಸಂಜೆ ಬಂದಾಗ ಇಷ್ಟನ್ನೂ ಹೇಳಲಿಲ್ಲ. ಅವರ ಪ್ರಶ್ನೆಗೆ ಮಾತ್ರ ಉತ್ತರಿಸಿದೆವು: ಸೆಕೆಂಡಿಗೆ ಏಳೇ ಆದರೂ ಬಿಟ್‌ಕಾಯಿನಿಗೇ ಜಗತ್ತಿನಲ್ಲಿ ಹೆಚ್ಚಿನ ಬೆಲೆ ಬಂದಿದೆ, ವೇಗಕ್ಕೂ ಬೆಲೆಗೂ ಕರಪತ್ರ ಹಾಕಿದ ಗಂಟು ಸುಳ್ಳು. ಯಂತ್ರ ನಾಲ್ಕೇ, ಒಂದೇ ಕೋಣೆಯಲ್ಲಿ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದರೆ ಧಣಿಗಳೇ, ಗಿರಾಕಿ ಬರುವ ಮೊದಲೇ ಅಡಿಗೆಮನೆಯವರೇ ದೋಸೆ ತಿಂದು ಲೆಕ್ಕ ಬರೆದ ಹಾಗೆ” ಎಂದರು. ಎಂಟು ದಿನ ಓದಿದ ನಮಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

ಜಾಹೀರಾತನ್ನು ಮುಂಗಡದ ಸಮೇತ ಹಿಂದಕ್ಕೆ ಕಳುಹಿಸಿದೆವು. ಕಾಗದದ ವ್ಯಾಪಾರಿಗೆ ಇನ್ನೊಂದು ತಿಂಗಳ ಗಡುವು ಕೇಳಿಕೊಂಡಿದ್ದೇವೆ. ಎರಡು ಲಕ್ಷ ರೂಪಾಯಿಯಲ್ಲಿ ಮೊದಲ ವರ್ಷದ ಫೀಸು ಮಂಗಳೂರಿಗೆ ಹೋಗಿ ಸೇರಿದೆ. ನಲವತ್ತು ಸಾವಿರದ ಬಗ್ಗೆ ಕಂಪೆನಿಗೆ ಮೂರು ಕಾಗದ ಬರೆದುದಾಗಿದೆ. ಈ ಲೇಖನ ಅಚ್ಚಿಗೆ ಹೋಗುವವರೆಗೆ ಉತ್ತರ ಬಂದಿಲ್ಲ.